ಪಾಲಿಗೆ ಬಂದ ಅರ್ಧ ಕೋಲು

ಪಾಲಾಗುವಾಗ ಮನುಷ್ಯನಿಗೆ ಹುಟ್ಟುವಷ್ಟು ನ್ಯಾಯಬುದ್ಧಿ ಬೇರೆ ಯಾವಾಗಲೂ ಹುಟ್ಟುವುದಿಲ್ಲ. ನಾನೂ ನಮ್ಮಣ್ಣನೂ ಪಾಲಾದಾಗ ಒರಳು ಅವನಿಗೆ ಹೋಯಿತು, ಒನಕೆ ನನಗೆ ಬಂತು. ಇಬ್ಬರ ಮನೆಯಲ್ಲೂ ಕುಟ್ಟುವುದು ನಿಂತಿತು. ರೇಡಿಯೋ ನನಗೆ ಬಂತು, ಅದರ ಲೈಸೆನ್ಸು ಅವನಿಗೆ ಹೋಯಿತು. ನಾನು ಕದ ಹಾಕಿಕೊಂಡು ವಾರ್ತೆ ಕೇಳುವಂತಾಯಿತು. ಕೊನೆಗೆ ಉಳಿದದ್ದು, ಅಪ್ಪ ಬಳ್ಳಾರಿಯ ಯಾವುದೋ ಹರಾಜಿನಿಂದ ತಂದಿದ್ದ ಒಂದು ನುಣುಪು ಕೋಲು. ಅದು ಏತಕ್ಕೆಂದು ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದಲೇ ಇಬ್ಬರಿಗೂ ಬೇಕಾಗಿತ್ತು. ಪಂಚರಲ್ಲಿ ಹಿರಿಯರಾದ ನಮ್ಮ ಸೋದರಮಾವ ಸಿಟ್ಟಿನಿಂದ ಅದನ್ನು ತಿರುಚಿದರು. ಕೋಲು ನಡುವೆ ಬಿಚ್ಚಿಕೊಂಡು ಎರಡಾಯಿತು. ಒಳಗೆ ಹಿತ್ತಾಳೆಯ ತಿರುಪು! "ನೋಡ್ರಲೇ, ಕೋಲಿಗಿರೋ ಬುದ್ಧಿ ನಿಮಗಿಲ್ಲ. ತಾನ ಪಾಲಾತು" ಎಂದು ಮಾವ ಕೋಲಿಗೆ ಕೈಮುಗಿದರು. ದಪ್ಪ ಅರ್ಧ ಅಣ್ಣನ ಜೊತೆ ಕೊಟ್ಟೂರಿಗೆ ಹೋಗಿ ಅವನ ಮನೆಯ ಕದಕ್ಕೆ ಅಗುಳಿಯಾಯಿತು. ಸಣ್ಣ ಅರ್ಧ ನನ್ನೊಡನೆ ಕೂಡ್ಲಿಗಿಗೆ ಬಂದು ಸೊಳ್ಳೆಪರದೆ ಎತ್ತಿಹಿಡಿಯಿತು. ಅಂದಿನಿಂದ ಅಣ್ಣತಮ್ಮಂದಿರ ಮಾತು ಬಂದ್. ಹೆಂಗಸರು ಮಾತ್ರ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚಟ್ನಿಪುಡಿ ಕಳಿಸಿಕೊಳ್ಳುತ್ತಿದ್ದರು. ಅತ್ತಿಗೆಯ ಕೈರುಚಿ ಎಂದು ಗೊತ್ತಿದ್ದೂ ನಾನು ಅದನ್ನು ಅಂಗಡಿಯದೆಂದುಕೊಂಡು ತಿನ್ನುತ್ತಿದ್ದೆ.

ಹೀಗಿರುವಾಗ ನಾನು ಜ್ವರದಿಂದ ಮಲಗಿದ್ದೆ. ನಮ್ಮ ಕಚೇರಿಯ ಸಾಹೇಬರು ನೋಡಲು ಬಂದವರು ನನ್ನ ಕೈ ಹಿಡಿಯುವುದು ಬಿಟ್ಟು ಪರದೆಯ ಕೋಲು ಹಿಡಿದರು. "ರೀ, ಇದು ಮೇಜಿನ ಮೇಲೆ ಚೆಂಡು ತಿವಿದು ಗುಂಡಿಗೆ ಕೆಡವೋ ಆಟದ ಕೋಲು! ಪೂಲ್ ಅಂತಾರೆ. ತುದಿಯಲ್ಲಿರೋದು ಆನೆದಂತ. ಮಾಡಿದವರ ಹೆಸರು ದಪ್ಪ ಕಡೆ ಇರುತ್ತೆ. ವಿಲಾಯತಿ ಹೆಸರಾದರೆ ಬೆಲೆ ಕೇಳಲೇಬೇಡಿ" ಎಂದರು. ಜ್ವರ ಅಲ್ಲೇ ಇಳಿಯಿತು. ಬೆಲೆ ತಿಳಿಯಬೇಕು ಎಂದು ಹೆಂಡತಿಯ ಮುಂದೆ ಹೇಳಿದೆ. ನಿಜ ಹೇಳುತ್ತೇನೆ, ಅಣ್ಣನಿಗೆ ಹೇಳಿಕಳಿಸಲು ಒಂದು ನೆಪ ಸಿಕ್ಕಿತೆಂದು ಒಳಗೊಳಗೇ ಖುಷಿಯಾಗಿತ್ತು. ಅವನಿಲ್ಲದೆ, ಜಗಳಕ್ಕೂ ಜನವಿಲ್ಲದೆ, ನನಗೆ ಬಹಳ ಬೇಜಾರಾಗಿತ್ತು.

ಆದರೆ ಅವನು ನನ್ನ ಮನೆಗೆ ಬರಲೊಲ್ಲ, ನಾನು ಅವನ ಮನೆಗೆ ಹೋಗಲೊಲ್ಲೆ. ಸಾಹೇಬರು ಹಗರಿಬೊಮ್ಮನಹಳ್ಳಿಯ ಪ್ರವಾಸಿ ಮಂದಿರದಲ್ಲಿ ಕ್ಯಾಂಪ್ ಇದ್ದ ದಿನ ಅಲ್ಲೇ ಸೇರುವುದೆಂದು ಹೆಂಗಸರು ಗೊತ್ತುಮಾಡಿದರು. ಅಣ್ಣ ಅಗುಳಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ಮನೆಯಲ್ಲಿ ಅತ್ತಿಗೆ ಕದಕ್ಕೆ ಬೀಸುಕಲ್ಲು ಒತ್ತಿ ಕೂತಿದ್ದರಂತೆ. "ಸೇರಿಸಿ" ಎಂದರು ಸಾಹೇಬರು. ಹಿಡಿಯುವವರು ಯಾರು, ತಿರುಗಿಸುವವರು ಯಾರು?

"ಹಿರಿಯಾವ ನಾನು, ನಾ ತಿರುವತೀನಿ. ಅವಗ ಗಟ್ಟಿ ಹಿಡಕೋ ಅನ್ರಿ" ಎಂದ ಅಣ್ಣ, ಸಾಹೇಬರಿಗೆ.

"ನನ್ನ ಪಾಲು ನಾನ ತಿರುವತೀನಿ ಅನ್ರಿ" ಎಂದೆ ನಾನು, ಸಾಹೇಬರಿಗೇ.

ಇಬ್ಬರೂ ತಿರುವಿದೆವು, ಎದುರುಬದುರು ಕೂತು, ಒಂದೇ ಕಡೆಗೆ. ಕೋಲು ಪೂರಾ ಸುತ್ತಿತು, ತಿರುಪು ಮಾತ್ರ ಕೂಡಲಿಲ್ಲ. ಕೊನೆಗೆ ನನ್ನ ಕೈ ಸೋತು ನಿಂತಾಗ ಅಣ್ಣ ಇಷ್ಟು ವರ್ಷದ ಸಿಟ್ಟನ್ನೆಲ್ಲ ಹಾಕಿ ಬಿಗಿದುಬಿಟ್ಟ.

ಸಾಹೇಬರು ಕನ್ನಡಕ ಏರಿಸಿ ದಪ್ಪ ತುದಿಯನ್ನು ನೋಡಿದರು. ಕದಕ್ಕೆ ಉಜ್ಜಿ ಉಜ್ಜಿ ಹೆಸರು ಅಳಿಸಿಹೋಗಿತ್ತು. "'ಅಂಡ್ ಸನ್ಸ್' ಅನ್ನೋದಷ್ಟೇ ಉಳಿದಿದೆ. ಯಾರೋ ಒಬ್ಬ, ಮತ್ತೆ ಅವನ ಮಕ್ಕಳು. ಹೆಸರೂ ಇಲ್ಲ, ಮೇಲಾಗಿ ಬಾಗಿದೆ. ಸೌದೆಯ ಬೆಲೆ ಅಷ್ಟೇ" ಎಂದರು.

ಅಣ್ಣ ಕೋಲನ್ನೇ ನೋಡುತ್ತ, "ಆ ಮಕ್ಕಳು ಪಾಲಾಗಿರಲಿಕ್ಕಿಲ್ಲ, ಅಲ್ಲೇನಲೇ?" ಎಂದ. ಕೇಳಿದ್ದು ನನ್ನನ್ನು, ಸಾಹೇಬರನ್ನಲ್ಲ.

ಊರಿಗೆ ಹೊರಡುವಾಗ ಅವರವರ ಪಾಲು ಬಿಚ್ಚಿಕೊಳ್ಳೋಣವೆಂದರೆ ಕೋಲು ಬಿಚ್ಚಲೊಲ್ಲದು. ಸಾಹೇಬರು ತಿರುವಿದರು, ಮಂದಿರದ ಕಾವಲುಗಾರ ತಿರುವಿದ. "ತಿರುಪಿಗೆ ಒಂದು ಹನಿ ಎಣ್ಣೆ ಬಿಡ್ರೀ, ತಾನೇ ಬಿಚ್ಚುತ್ತೆ" ಎಂದು ಸಾಹೇಬರು ಉಪಾಯ ಹೇಳಿಕೊಟ್ಟರು. ಕೊಟ್ಟೂರಿನಲ್ಲಿ ಶೇಂಗಾ ಎಣ್ಣೆಯ ಮಿಲ್ಲು ನಡೆಸುವ ನಮ್ಮಣ್ಣ ಬಹಳ ಹೊತ್ತು ಯೋಚಿಸಿ, "ಈಗ ಎಣ್ಣಿ ಎಲ್ಲಿ ಸಿಗತೈತ್ರಿ ಸಾಹೇಬ್ರ?" ಎಂದ. ಬೆಳಿಗ್ಗೆ ತಲೆಗೆ ಮೆತ್ತಿಕೊಂಡ ಎಣ್ಣೆ ಹಣೆಗಿಳಿಯದಂತೆ ಒರೆಸಿಕೊಳ್ಳುತ್ತಿದ್ದ ನಾನು, "ಹೌದ್ರಿ, ಕೂಡ್ಲಿಗ್ಯಾಗೂ ಇಲ್ಲ" ಎಂದೆ.