ಮೂರು ಮಿಸ್ಡ್ ಕಾಲು

ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೂತವರನ್ನು ಸತ್ತವರ ಲೆಕ್ಕಕ್ಕೆ ಸೇರಿಸುವ ಒಂದು ಡಬ್ಬಿ ಈಶಪ್ಪ ಸಾಹುಕಾರರ ಗಂಗಾವತಿ ಆಫೀಸಿನಲ್ಲಿತ್ತು. ಪ್ರಭುರಾಜನ ಮದುವೆಗೆ ಅಡ್ಡಗಾಲು ಹಾಕಿದ್ದು ಈ ಡಬ್ಬಿಯೇ.

ಸಾಹುಕಾರರಿಗೆ ಶ್ರೀರಾಮನಗರದಲ್ಲಿ ಅಕ್ಕಿ ಗಿರಣಿ, ಹನುಮಸಾಗರದಲ್ಲಿ ಕಾಳುಕಡಿ ಅಂಗಡಿ. ಎರಡೂ ಕಡೆಯ ಕಂಪ್ಯೂಟರುಗಳು ಗಂಗಾವತಿಯ ದೊಡ್ಡ ಕಂಪ್ಯೂಟರಿನೊಂದಿಗೆ ದಿನವಿಡೀ ಲೈನಿನಲ್ಲಿರಬೇಕು. ಗಿರಣಿಯಲ್ಲಿ ಲಾರಿ ತೂಗಿದರೆ ತೂಕ ಅಲ್ಲಿಗೆ ಮುಟ್ಟಬೇಕು, ಅಂಗಡಿಯಲ್ಲಿ ತೊಗರಿ ಮಾರಿದರೆ ಲೆಕ್ಕ ಅಲ್ಲಿಗೆ ಹೋಗಬೇಕು. ಆದರೆ ಲಾರಿಗಳೇನು ಗಂಟೆ ಬಾರಿಸಿದಾಗ ಬರುವ ಶಾಲೆಯ ಮಕ್ಕಳೇ? ಎರಡು ಲಾರಿಗಳ ನಡುವೆ ತುಸು ತೆರಪು ಬಿದ್ದರೆ ಸಾಕು, ಲೈನುಗಳ ಕಾವಲಿಗೆ ಇಟ್ಟಿದ್ದ ಆ ಡಬ್ಬಿ, ಆಚೆಯದು ಸತ್ತಿದೆ ಎಂದುಕೊಂಡು ಲೈನನ್ನು ಕಡಿದು ಕೈತೊಳೆದುಕೊಳ್ಳುತ್ತಿತ್ತು. ಆಗ ಲಾರಿ ತೂಗುವ ಮಲಿಕಸಾಬ ಪ್ರಭುರಾಜನಿಗೆ ಫೋನು ಹಚ್ಚುತ್ತಿದ್ದ. ಅವನು ಇಟ್ಟನೋ ಇಲ್ಲವೋ, ಹನುಮಸಾಗರದ ಅಂಗಡಿಯಿಂದ ಯಂಕೇಶ. ಅವನ ಬೆನ್ನಿಗೆ ಗಂಗಾವತಿ ಆಫೀಸು ನೋಡಿಕೊಳ್ಳುವ ಸಾಹುಕಾರರ ಮಗಳು ಐಶ್ವರ್ಯ. ಎಲ್ಲರದೂ ಒಂದೇ ರಾಗ, ಲೈನ್ ಹೋಗಿದೆ.

ಕಂಪ್ಯೂಟರುಗಳ ಯೋಗಕ್ಷೇಮ ಪ್ರಭುರಾಜನ ಹಣೆಗೆ ಬರೆದಿತ್ತು. ಅವನು ತುತ್ತು ಬಾಯಿಗಿಟ್ಟಾಗ ಫೋನು, ತಲೆಗೆ ನೀರು ಹೊಯ್ದುಕೊಂಡಾಗ ಫೋನು. ಬೇವೂರಿನ ಹೇಮಪ್ಪನವರ ಮಗಳು ದಾನೇಶ್ವರಿಯನ್ನು ನೋಡಲು ಎರಡು ಸಲ ಹೊರಟು, ಎರಡು ಸಲವೂ ಕೊಪ್ಪಳ ದಾಟುವ ಮುಂಚೆಯೇ ಗಾಡಿ ತಿರುಗಿಸಿದ್ದ. ಫೋಟೋ ನೋಡಿಯೇ ಅವನ ಮನಸ್ಸು ಅತ್ತ ವಾಲಿತ್ತು. ಅಲ್ಲಿಯವರೆಗೆ ಏಳೆಂಟು ಫೋಟೋ ನೋಡಿ ಬದಿಗಿಟ್ಟವನು ಇದೊಂದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡಿದ್ದ. ಇವತ್ತು ಮೂರನೆಯ ಸಲ. ಇದನ್ನೂ ತಪ್ಪಿಸಿದರೆ ತಾನು ಆ ಮನೆಗೆ ಮುಖ ತೋರಿಸುವುದಿಲ್ಲವೆಂದು ಹೇಳಿ ತಾಯಿ ವಿರೂಪಾಕ್ಷಮ್ಮ ಬೆಳಗಿನ ಬಸ್ಸಿಗೇ ಬೇವೂರಿಗೆ ಹೋಗಿ ಕೂತಿದ್ದಳು. ಹಿಂದಿನ ಎರಡು ಸಲ ಮಗ ಬಾರದ್ದಕ್ಕೆ ಆಕೆ ಅಲ್ಲಿ ಏನು ಸಮಜಾಯಿಷಿ ಕೊಟ್ಟಿದ್ದಳೋ ಪ್ರಭುರಾಜನಿಗೆ ಗೊತ್ತಿರಲಿಲ್ಲ. ಹೇಗೋ ಸಂಭಾಳಿಸಿದ್ದಾಳೆ ಎಂದಷ್ಟೇ ತಿಳಿದಿದ್ದ.

ರಜೆ ಕೇಳಲು ಹೋದಾಗ ಸಾಹುಕಾರರು ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದರು.

"ಹೋಗಪಾ, ಯಾರ್ ಬ್ಯಾಡಂತಾರ? ಆದ್ರ ನೀ ಹೋದ ಮ್ಯಾಲ ಲೈನ್ ಕಡೀಬಾರ್ದು. ಅದಕ್ಕೇನರ ಮಾಡಿಟ್ಟು ಹೋಗು."

ಉಪಾಯ ಪ್ರಭುರಾಜನಿಗೆ ಗೊತ್ತಿತ್ತು. ಕೆಲಸವಿಲ್ಲದೆ ಸುಮ್ಮನೆ ಕೂತ ಕಂಪ್ಯೂಟರು ಆಗಾಗ ಆಚೆಯದನ್ನು 'ಅದೀಯೇನು?' ಎಂದು ಕೇಳಬೇಕು, ಆಚೆಯದು 'ಅದೀನಿ' ಅನ್ನಬೇಕು. ಇಷ್ಟು ಸದ್ದು ಕೇಳಿದರೆ ಡಬ್ಬಿ ಲೈನಿನ ತಂಟೆಗೆ ಬರುವುದಿಲ್ಲ. ಕೇಳುವ ಗುಣ ಕಂಪ್ಯೂಟರುಗಳಿಗೆ ಹುಟ್ಟಿನಿಂದಲೇ ಇದೆ. ಆದರೆ ಅವುಗಳ ಪಾಡಿಗೆ ಬಿಟ್ಟರೆ ಎರಡು ತಾಸು ಕಾದು ಆಮೇಲೆ ಕೇಳುತ್ತವೆ, ಅಷ್ಟರಲ್ಲಿ ಡಬ್ಬಿ ತಿಥಿ ಮುಗಿಸಿರುತ್ತದೆ. ಅದನ್ನು ಐದು ನಿಮಿಷಕ್ಕೆ ಇಳಿಸಿದರಾಯಿತು.

"ಮಿಸ್ಡ್ ಕಾಲ್ ಇದ್ದಂಗ್ರಿ ಸಾವ್ಕಾರ್ರ," ಎಂದ ಪ್ರಭುರಾಜ. "ಇವ ಒಂದು ಕೊಡ್ತಾನ, ಅವ ತಿರುಗಿ ಕೊಡ್ತಾನ. ಇಬ್ರೂ ಅದಾರಂತ ಗೊತ್ತಾಗ್ತೈತಿ."

"ತಿರುಗಿ ಕೊಡ್ಲಿಲ್ಲಂದ್ರ?"

"ಮೂರ್ ಸಲ ನೋಡೂದ್ರಿ. ಮೂರಕ್ಕೂ ಬರ್ಲಿಲ್ಲಂದ್ರ ಆ ಲೈನ್ ಸತ್ತೈತಂತ ತಿಳ್ಕೊಂಡು ಕೈ ಬಿಡೂದು."

ಸಾಹುಕಾರರಿಗೆ ಇದು ಥಟ್ಟನೆ ತಲೆಗೆ ಹೋಯಿತು. ಕಾಲುವೆಗೆ ನೀರು ಬಿಟ್ಟರೆ ಒಂದು ಮಿಸ್ಡ್ ಕಾಲು, ಊಟಕ್ಕೆ ಬಾ ಅನ್ನಲು ಎರಡು. ಅವರ ಅರ್ಧ ವ್ಯವಹಾರ ಹಾಗೆಯೇ ನಡೆಯುತ್ತಿತ್ತು. ಹಾಗಿದ್ದರೆ ಮಾಡಿ ಮುಗಿಸಿ ಹೊರಡು ಎಂದರು.

ಹೇಳಿದಷ್ಟು ಸುಲಭವೇ? ನಮ್ಮ ಕಡೆ ಹಿಂದೆ ಊರಿಗೊಂದು ಸೇರು ಇತ್ತಂತೆ, ಈ ಕಂಪ್ಯೂಟರುಗಳಿಗೂ ಒಂದೊಂದಕ್ಕೆ ಒಂದೊಂದು ಅಳತೆ. ಗಿರಣಿಯದು ವಿಂಡೋಸ್, ಹನುಮಸಾಗರದ್ದು ಲಿನಕ್ಸ್, ಐಶ್ವರ್ಯಳ ಮೇಜಿನ ಮೇಲಿನದು ಮ್ಯಾಕ್. ಲಿನಕ್ಸ್ ಇಡೀ ಸೆಕೆಂಡನ್ನು ಎಣಿಸುತ್ತದೆ. ಉಳಿದೆರಡು ಸೆಕೆಂಡನ್ನು ಸಾವಿರ ಚೂರು ಮಾಡಿ ಚೂರುಗಳನ್ನು ಎಣಿಸುತ್ತವೆ. ಅದೇ ಐದು ನಿಮಿಷಕ್ಕೆ ಒಂದು ಕಡೆ ಮುನ್ನೂರು ಎಂದು ಬರೆಯಬೇಕು, ಇನ್ನೊಂದು ಕಡೆ ಮೂರು ಲಕ್ಷ. ಮ್ಯಾಕ್ ಸರಿಹೋಯಿತು. ಉಳಿದ ಎರಡರ ನಡುವೆ ತಾಯಿಯ ಫೋನು ಬಂತು, ಹೊರಟೆಯೋ ಇಲ್ಲವೋ ಎಂದು. ಹೊರಟೇಬಿಟ್ಟೆ ಎನ್ನುತ್ತ ಪ್ರಭುರಾಜ ಗಿರಣಿಗೆ ಬಂದು ಅಲ್ಲಿನದಕ್ಕೆ ಮುನ್ನೂರು ಬರೆದ, ಹನುಮಸಾಗರದ ಯಂಕೇಶನಿಗೆ ಫೋನಿನಲ್ಲೇ ಮೂರು ಲಕ್ಷ ಹೇಳಿ ಬರೆಸಿದ.

ಗಿರಣಿಯ ಕಂಪ್ಯೂಟರು ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಮತ್ತೆ 'ಅದೀಯೇನು, ಅದೀಯೇನು' ಎಂದು, ಹೊಸ ಅಳಿಯನಿಗೆ ಹೋಳಿಗೆ ಬಡಿಸಲು ನಿಂತ ಅತ್ತೆಯಂತೆ ಆಚೆಯದರ ಬೆನ್ನು ಹತ್ತಿತು. ಆ ಗದ್ದಲದಲ್ಲಿ ಅದಕ್ಕೆ ಲಾರಿ ತೂಗಲು ಪುರುಸೊತ್ತಾಗಲಿಲ್ಲ. ರಸ್ತೆಯವರೆಗೆ ಲಾರಿಗಳು ಸಾಲುಗಟ್ಟಿದವು. ತಾನು ಬೆಳಗಿನಿಂದ ಏನನ್ನೂ ಮುಟ್ಟಿಲ್ಲವೆಂದು ಮಲಿಕಸಾಬ ಎರಡೂ ಕೈ ಮೇಲೆತ್ತಿ ತೋರಿಸಿದ. ಅತ್ತ ಹನುಮಸಾಗರದ್ದು ಮೂರು ದಿನ ಕಳೆದ ಮೇಲೆ ಕ್ಷೇಮ ವಿಚಾರಿಸುವ ಲೆಕ್ಕದಲ್ಲಿ ಮಲಗಿತ್ತು, ಡಬ್ಬಿ ಅದರ ಲೈನು ಕಡಿದು ಯಾವ ಕಾಲವಾಗಿತ್ತೋ. ಅಂಕಿ ಅದಲುಬದಲಾಗಿದೆ ಎಂದು ಹೊಳೆಯುವ ಹೊತ್ತಿಗೆ ಪ್ರಭುರಾಜನ ಇಸ್ತ್ರಿ ಅಂಗಿ ಬೆವರಿಗೆ ಮೈಗಂಟಿತ್ತು.

ಎರಡನ್ನೂ ತಿದ್ದಿದ. ಲಿನಕ್ಸಿನಲ್ಲಿ ಇನ್ನೊಂದು ಕಿರಿಕಿರಿಯಿತ್ತು. ಹೀಗೆ ಬರೆಸಿದ್ದು ಬಾಯಿಮಾತಿದ್ದ ಹಾಗೆ, ಕಂಪ್ಯೂಟರು ಬಂದ್ ಆಗುವವರೆಗೆ ಮಾತ್ರ ಅದಕ್ಕೆ ನೆನಪಿರುತ್ತದೆ. ಕಾಯಂ ಆಗಿ ಉಳಿಯಬೇಕೆಂದರೆ ಬೇರೊಂದು ಕಡೆ ಬರೆದಿಡಬೇಕು. ಅದನ್ನೂ ಈಗಲೇ ಮಾಡೋಣವೇ ಎಂದು ಯಂಕೇಶ ಕೇಳಿದ. ನಾಳೆ ನೋಡಿದರಾಯಿತು ಎಂದು ಪ್ರಭುರಾಜ ಗಾಡಿ ಹತ್ತಿದ.

ಗಂಗಾವತಿ ಹಿಂದೆ ಬಿತ್ತು, ಕೊಪ್ಪಳವೂ ದಾಟಿತು. ಫೋನು ಉಸಿರೆತ್ತಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ರಸ್ತೆಯ ಎರಡೂ ಬದಿಗೆ ಹೊಲಗಳಿರುವುದು ಅವನಿಗೆ ಕಂಡಿತು. ಖುಷಿಗೆ ಒಂದು ಹಾಡನ್ನೂ ಗುನುಗಿದ.

ಹೇಮಪ್ಪನವರ ಪಡಸಾಲೆಯಲ್ಲಿ ನಾಲ್ಕು ಜನ ಹಿರಿಯರು ಕೂತಿದ್ದರು. ಮಂಡಕ್ಕಿ, ಮಿರ್ಚಿ ಬಂದವು. ದಾನೇಶ್ವರಿ ಚಹಾ ತಂದಳು. ಫೋಟೋದಲ್ಲಿ ಕಾಣದ ನಗೆಯೊಂದು ಅವಳ ಮುಖದಲ್ಲಿತ್ತು. ಪ್ರಭುರಾಜ ಚಹಾದ ಕಪ್ಪಿನ ಬದಲು ಅದರ ಕೆಳಗಿನ ಬರಿಯ ಬಸಿಯನ್ನು ತುಟಿಗೆ ಹಚ್ಚಿದ. ಅವಳಿಗೆ ಇನ್ನಷ್ಟು ನಗೆ ಬಂತು. ಈ ಮನೆಯ ಅಳಿಯನಾಗದಿದ್ದರೆ ತನ್ನ ಬದುಕು ವ್ಯರ್ಥ ಎಂದು ಅವನಿಗೆ ಆ ಕ್ಷಣ ಖಾತ್ರಿಯಾಯಿತು.

ಆದರೆ ಹೇಮಪ್ಪನವರ ಕಣ್ಣು ಅವನ ಮುಖದ ಮೇಲಿರಲಿಲ್ಲ, ಅಂಗಿಯ ಕಿಸೆಯ ಮೇಲಿತ್ತು. ಹಿರಿಯರೂ ಅತ್ತಲೇ ನೋಡುತ್ತಿದ್ದರು. ಮಾತು ಮಳೆಗೆ ಹೋಗಿ, ಶೇಂಗಾದ ಧಾರಣೆಗೆ ಹೋಗಿ, ಮತ್ತೆ ಕಿಸೆಗೇ ಬಂತು.

"ನಿಮ್ಮ ಫೋನ್ ಚಾಲೂ ಐತಿಲ್ರಿ?" ಎಂದು ಹೇಮಪ್ಪ ಕೇಳಿದರು. "ಅರ್ಧ ತಾಸಿಗೆ ಹತ್ತ್ ಫೋನ್ ಬರ್ತಾವ, ನಮ್ಮ ಹುಡುಗ ಇಲ್ಲಂದ್ರ ಗಿರಣಿ ನಿಂತ ಬಿಡ್ತೈತಿ ಅಂತ ನಿಮ್ಮ ತಾಯಿಯವ್ರು ಹೇಳಿದ್ರು."

ಪ್ರಭುರಾಜ ತಾಯಿಯ ಕಡೆ ನೋಡಿದ. ಆಕೆ ತಲೆಯೆತ್ತಿ ಮಾಳಿಗೆಯ ತೊಲೆ ಎಣಿಸುತ್ತಿದ್ದಳು. ಎರಡು ಸಲ ಬಾರದವನ ಕಿಮ್ಮತ್ತು ಈ ಮನೆಯಲ್ಲಿ ಏರಿದ್ದು ಹೇಗೆಂದು ಅವನಿಗೆ ಆಗ ಅರ್ಥವಾಯಿತು. ಎರಡು ಸಲ ಗಿರಣಿಯವರು ಬಿಡದ ಹುಡುಗ ಮೂರನೆಯ ಸಲ ಬಂದು ಮುಕ್ಕಾಲು ತಾಸು ಕೂತರೂ ಒಬ್ಬರೂ ಕೇಳುವವರಿಲ್ಲ. ಕೆಲಸ ಹೋಗಿದೆಯೋ ಏನೋ ಎಂದು ಒಬ್ಬ ಹಿರಿಯರು ಇನ್ನೊಬ್ಬರ ಕಿವಿಯಲ್ಲಿ ಹೇಳಿದ್ದು ಇಡೀ ಪಡಸಾಲೆಗೆ ಕೇಳಿಸಿತು.

ಕೈ ತೊಳೆಯುವ ನೆವದಲ್ಲಿ ಅವನು ಹಿತ್ತಲಿಗೆ ಹೋಗಿ ಮಲಿಕಸಾಬನಿಗೆ ಫೋನು ಹಚ್ಚಿದ. ಸುಮ್ಮನೆ ಒಂದು ಫೋನು ಮಾಡು, ಲೈನ್ ಹೋಗಿದೆ ಅನ್ನು ಎಂದು ಕೈ ಮುಗಿಯುವವನಿದ್ದ. ಅವನ ಫೋನು ಬಂದ್ ಆಗಿತ್ತು. ಲೈನು ಕಡಿಯದ ಮೇಲೆ ಮಲಿಕಸಾಬನಿಗೆ ವರ್ಷಾನುಗಟ್ಟಲೆ ಬಾಕಿಯಿದ್ದ ನಿದ್ದೆ ಬಂದಿತ್ತು. ಯಂಕೇಶ ಎತ್ತಿದ, ಆದರೆ ಒಪ್ಪಲಿಲ್ಲ. ಹೆಣ್ಣು ನೋಡಲು ಹೋದವನಿಗೆ ಫೋನು ಮಾಡಿ ತ್ರಾಸ ಕೊಡಬಾರದೆಂದು ಸಾಹುಕಾರರು ತಾಕೀತು ಮಾಡಿದ್ದಾರಂತೆ. ಇಲ್ಲಿ ಎಲ್ಲಾ ಛಲೋ ಇದೆ, ನೀವು ಆರಾಮ ಕೂತು ಬರ್ರಿ ಎಂದು ಇಟ್ಟುಬಿಟ್ಟ.

ಮುಖ ಒರೆಸಿಕೊಂಡು ಒಳಗೆ ಬಂದು ಕೂತದ್ದೇ ತಡ, ಫೋನು ಬಡಿದುಕೊಂಡಿತು. ಸಾಹುಕಾರರದು. ಪ್ರಭುರಾಜನಿಗೆ ಹೋದ ಜೀವ ಬಂದಂತಾಯಿತು. ಮನೆಯೆಲ್ಲ ಕೇಳಲಿ ಎಂದು ಸ್ಪೀಕರ್ ಹಾಕಿ ಫೋನನ್ನು ನಟ್ಟನಡುವೆ ಇಟ್ಟ.

"ಪ್ರಭೂ, ಕಮಾಲ್ ಮಾಡಿದಿ ನೋಡು," ಎಂದು ಸಾಹುಕಾರರ ದನಿ ಪಡಸಾಲೆ ತುಂಬಿತು. "ಒಂದ್ ಲೈನೂ ಕಡದಿಲ್ಲ. ಇನ್ನ ಆ ಕಂಪ್ಯೂಟರಿಗೆ ಮನಷ್ಯಾನ ಬೇಕಾಗಿಲ್ಲ ಬಿಡು. ನಾಳಿಯಿಂದ ನೀ ಗೋದಾಮಿನ್ಯಾಗ ಚೀಲ ಎಣಸ್ಕೋತ ಆರಾಮ ಇರು."

ಒಬ್ಬ ಹಿರಿಯರು ಬಾಯಿಗೆ ಒಯ್ದಿದ್ದ ಮಿರ್ಚಿಯನ್ನು ತಿರುಗಿ ತಟ್ಟೆಗಿಟ್ಟರು.

ಹೇಮಪ್ಪ ಬಹಳ ಮರ್ಯಾದೆಯಿಂದ ಎದ್ದು ನಿಂತು, ಫೋನು ಮಾಡಿ ತಿಳಿಸುತ್ತೇವೆ ಎಂದರು. ದಾನೇಶ್ವರಿ ಕಪ್ಪುಗಳನ್ನು ಎತ್ತಿಕೊಳ್ಳಲು ಬಗ್ಗಿದಾಗ ಅವನಿಗಷ್ಟೇ ಕೇಳುವಂತೆ, "ಸ್ಪೀಕರ್ ಯಾಕ್ ಹಾಕಿದ್ರಿ?" ಎಂದಳು. ಆ ದನಿಯಲ್ಲಿದ್ದ ಮರುಕಕ್ಕೆ ಅವನಿಗೆ ನಿಜವಾಗಿ ಅಳು ಬಂತು.

ತಾಯಿಯನ್ನು ಹಿಂದೆ ಕೂರಿಸಿಕೊಂಡು ಊರು ದಾಟಿ, ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದ. ತಡೆಯಲಾರದೆ ಹೇಮಪ್ಪನವರಿಗೆ ಒಂದು ಮಿಸ್ಡ್ ಕಾಲು ಕೊಟ್ಟ. ಕಾದ. ಇನ್ನೊಂದು ಕೊಟ್ಟ. ಮರದ ಮೇಲಿನ ಕಾಗೆಗಳು ಗೂಡು ಸೇರಿದವು. ಮೂರನೆಯದನ್ನೂ ಕೊಟ್ಟ. ಆಚೆಯಿಂದ ಏನೂ ಬರಲಿಲ್ಲ. ಮೂರರ ಕಟ್ಟಳೆಯನ್ನು ಬೆಳಗ್ಗೆ ತಾನೇ ಸಾಹುಕಾರರಿಗೆ ಪಾಠ ಮಾಡಿದವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗಾಡಿ ಚಾಲೂ ಮಾಡಬೇಕು, ಅಷ್ಟರಲ್ಲಿ ಫೋನು ಬಂತು. ತಾಯಿ ಅವನ ಭುಜ ಹಿಡಿದು, ಅವರದೇ ಇರಬೇಕು, ಎತ್ತು ಎತ್ತು ಎಂದಳು.

ಯಂಕೇಶನದು.

"ಪ್ರಭಣ್ಣ, ಇಲ್ಲಿ ಕರೆಂಟ್ ಹೋಗಿ ಬಂತ್ರಿ. ಕಂಪ್ಯೂಟರ್ ಬಂದ್ ಆಗಿ ಮತ್ತ ಚಾಲೂ ಆತು. ನೀವು ಬರಸಿದ್ದು ಅದಕ್ಕ ನೆನಪಿಲ್ಲ. ಲೈನ್ ಹೋಗೈತ್ರಿ."

ಅವನು ಇಡುವಷ್ಟರಲ್ಲಿ ಐಶ್ವರ್ಯ, ಹನುಮಸಾಗರದ ಲೆಕ್ಕ ಬರುತ್ತಿಲ್ಲವೆಂದು. ಅವಳ ಬೆನ್ನಿಗೆ ಸಾಹುಕಾರರು. ಗೋದಾಮಿನ ಮಾತು ಬಿಟ್ಟುಬಿಡು, ಇದ್ದಲ್ಲಿಂದಲೇ ಹನುಮಸಾಗರಕ್ಕೆ ಓಡು, ನೀನಿಲ್ಲದೆ ಒಂದು ತಾಸು ನಡೆಯುವುದಿಲ್ಲ ಎಂದರು.

ಪ್ರಭುರಾಜ ಗಾಡಿಯನ್ನು ಹನುಮಸಾಗರದ ದಾರಿಗೆ ತಿರುಗಿಸಿದ. ಕಿಸೆಯಲ್ಲಿ ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು. ಹಿಂದೆ ಕೂತ ವಿರೂಪಾಕ್ಷಮ್ಮ ಬಹಳ ಹೊತ್ತು ಅದನ್ನೇ ಕೇಳುತ್ತ ಬಂದಳು.

"ನಾ ಸುಳ್ಳ ಹೇಳಿರಲಿಲ್ಲಪಾ," ಎಂದಳು ಕೊನೆಗೆ. "ನೀನ ಒಂದ್ ದಿನದ ಮಟ್ಟಿಗೆ ಅದನ್ನ ಸುಳ್ಳ ಮಾಡಿದಿ."