ರಬ್ಬರ್ ಬೂಟಿನ ವಕೀಲಿಕೆ

ಸ್ವೀಡನ್ನಿನಲ್ಲಿ ಪರಿಸರ ಕಾನೂನು ಬೆಳಿಗ್ಗೆ ಒಂದಿದ್ದರೆ ಮಧ್ಯಾಹ್ನಕ್ಕೆ ಇನ್ನೊಂದಾಗಿರುತ್ತದೆ. ಅದನ್ನೇ ನಂಬಿ ಸ್ಟಾಕ್‌ಹೋಮಿನ ಒಂದು ಸಣ್ಣ ವಕೀಲರ ಕಚೇರಿಯಲ್ಲಿ ಹೊಟ್ಟೆ ಹೊರೆಯುವ ನನ್ನಂಥವಳಿಗೆ ನಗು ಬರುವ ಪ್ರಸಂಗಗಳಿಗೆ ಬರವಿಲ್ಲ. ನಗುವುದು ಮಾತ್ರ ಮನೆಗೆ ಬಂದ ಮೇಲೆ. ಆಫೀಸಿನಲ್ಲಿ ಗಂಭೀರವಾಗಿರುವುದಕ್ಕೇ ಸಂಬಳ.

ಎದುರು ಪಕ್ಷದ ಬನ್ನು

ನಮ್ಮಪ್ಪ ತುಮಕೂರಿನ ಕೋರ್ಟಿನಲ್ಲಿ ಆಯುಷ್ಯವಿಡೀ ಸಿವಿಲ್ ಪ್ರಾಕ್ಟೀಸ್ ಮಾಡಿದವರು. ಮಗಳು ಫಾರಿನ್ ಕೋರ್ಟಿನಲ್ಲಿ ವಾದ ಮಾಡುವುದನ್ನು ಕಣ್ಣಾರೆ ನೋಡಬೇಕೆಂದು ಅವರಿಗೆ ಆಸೆ. ಒಂದು ದಿನ ಅವರು ವೀಡಿಯೊ ಕಾಲ್ ಮಾಡಿದಾಗ ನಾನು ಕಾಡಿನ ನಡುವೆ ರಬ್ಬರ್ ಬೂಟು ಹಾಕಿಕೊಂಡು ಕೆಸರಿನಲ್ಲಿ ನಿಂತಿದ್ದೆ. ನಮ್ಮ ಕಕ್ಷಿದಾರರಾದ ಕಲ್ಲುಕ್ವಾರಿಯವರು ಅಲ್ಲಿನ ಹೊಂಡವೊಂದನ್ನು ಮುಚ್ಚಬೇಕು ಅನ್ನುತ್ತಿದ್ದರು. ಆ ಹೊಂಡದಲ್ಲಿ ಹಲ್ಲಿಯ ಹಾಗಿರುವ ಒಂದು ಅಪರೂಪದ ಜೀವಿ ಇದೆ, ಕಾನೂನು ಅದನ್ನು ಕಾಪಾಡಬೇಕು ಅಂತ ಊರಿನವರು. ಕೊನೆಗೆ ಪರಿಸರ ನ್ಯಾಯಾಲಯವೇ ಹೊಂಡ ನೋಡಲು ಎದ್ದು ಬಂದಿತ್ತು.

"ಕೋರ್ಟೆಲ್ಲಿ?" ಅಂದರು ಅಪ್ಪ.

"ಇದೇ ಅಪ್ಪ."

"ಜಡ್ಜು?"

ಫೋನು ತಿರುಗಿಸಿದೆ. ನ್ಯಾಯಾಧೀಶೆ ಮರದ ಬೊಡ್ಡೆಯ ಮೇಲೆ ಕೂತು ತಮ್ಮ ಬೂಟಿನಿಂದ ನೀರು ಬಗ್ಗಿಸುತ್ತಿದ್ದರು.

"ಕರೀ ಕೋಟು ಎಲ್ಲಮ್ಮ?"

"ಇಲ್ಲಿ ಯಾರೂ ಹಾಕಲ್ಲ. ಈಗ ಫಿಕಾ ಟೈಮು, ಕಾಫಿ ಕುಡೀತಿದ್ದೀವಿ."

ಅಷ್ಟರಲ್ಲಿ ಊರಿನವರ ಪರ ವಕೀಲರು ಡಬ್ಬಿ ಚಾಚಿದರು. ಒಳಗೆ ಅವರ ಹೆಂಡತಿ ಮಾಡಿದ ಚಕ್ಕೆ ಬನ್ನು. ಒಂದು ತೆಗೆದುಕೊಂಡೆ.

ಅಪ್ಪ ಗಾಬರಿಯಾದರು. "ಎದುರು ಪಕ್ಷದವನ ಕೈಯಿಂದ ತಿಂದ್ಯಾ? ಮುಗೀತು ಬಿಡು."

ಕೇಸು ಸೋತೆವು. ಹೊಂಡದ ಜೀವಿ ಗೆದ್ದಿತು ಅಂತ ಅಪ್ಪನಿಗೆ ಎಷ್ಟು ಹೇಳಿದರೂ ಒಪ್ಪುವುದಿಲ್ಲ. "ಜೀವಿಯಲ್ಲ, ಬನ್ನು" ಅನ್ನುತ್ತಾರೆ.

ಮಸಿಬಟ್ಟೆ

ಹಳೇ ಬಟ್ಟೆಯನ್ನು ಇನ್ನು ಮುಂದೆ ಮಾಮೂಲಿ ಕಸಕ್ಕೆ ಹಾಕುವಂತಿಲ್ಲ, ಬೇರೆಯಾಗಿ ಕೊಡಬೇಕು ಎಂಬ ನಿಯಮ ಯುರೋಪ್ ಒಕ್ಕೂಟದಿಂದ ಬಂತು. ಹರಿದ ಕಾಲುಚೀಲವೂ ಅದರಲ್ಲಿ ಸೇರಿತು. ಸ್ಟಾಕ್‌ಹೋಮಿನ ಪಕ್ಕದ ಸುಂಡ್‌ಬೀಬರ್ಯ್‌ನಲ್ಲಿ ನಮ್ಮ ಮೇಲಿನ ಮನೆಯ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಅವತ್ತೇ ಬಾಗಿಲು ಬಡಿದ.

"ಮೇಡಂ, ಹರಿದ ಬನಿಯನ್ ಕಸಕ್ಕೆ ಹಾಕಿಬಿಟ್ಟಿದ್ದೀನಿ. ವರ್ಕ್ ಪರ್ಮಿಟ್‌ಗೆ ತೊಂದರೆ ಆಗುತ್ತಾ?"

"ಇಲ್ಲಪ್ಪ. ಇನ್ನು ಮೇಲೆ ಸಂಗ್ರಹದ ಡಬ್ಬಕ್ಕೆ ಹಾಕು."

ಅವನು ಕಾನೂನಿಗೆ ತಲೆಬಾಗುವ ಮಗು. ಕೆಳಗೆ ಓಡಿ ಕಸದಿಂದ ಬನಿಯನ್ ವಾಪಸ್ ತಂದ, ಒಗೆದ, ಇಸ್ತ್ರಿಯನ್ನೂ ಮಾಡಿದ. ಡಬ್ಬದ ಹತ್ತಿರ ಹೋದರೆ ಊರಿನ ಕಾಲುಚೀಲವೆಲ್ಲ ಅದರ ಬಾಯಿಂದ ಹೊರಗೆ ಇಣುಕುತ್ತಿತ್ತು. 'ತುಂಬಿದೆ, ದಯವಿಟ್ಟು ಮನೆಗೆ ಕೊಂಡೊಯ್ಯಿರಿ' ಎಂಬ ಬೋರ್ಡು ಬೇರೆ. ಹೀಗೆ ತಿರುಗಿ ತಿರುಗಿ ಅವನ ಬಾಲ್ಕನಿಯ ತುಂಬ ಹಳೇ ಬಟ್ಟೆಯ ಚೀಲಗಳಾದವು.

ಅಷ್ಟು ಹೊತ್ತಿಗೆ ಬೆಂಗಳೂರಿನಿಂದ ಅವನ ತಾಯಿ ಬಂದರು. ಚೀಲ ಬಿಚ್ಚಿ ನೋಡಿ, "ಇಷ್ಟು ಒಳ್ಳೇ ಹತ್ತಿ ಬಟ್ಟೆ ಯಾಕೋ ಕೂಡಿಟ್ಟಿದ್ದೀಯ?" ಅಂದವರೇ ಕತ್ತರಿ ಹಿಡಿದು ಕೂತರು.

ಸ್ವಲ್ಪ ದಿನಕ್ಕೆ ಸರ್ಕಾರ ಮೆತ್ತಗಾಯಿತು. ಹರಿದದ್ದು, ಕೊಳೆಯಾದದ್ದು ಕಸಕ್ಕೇ ಹಾಕಬಹುದು ಎಂದಿತು. ಓಡಿ ಹೋಗಿ ಹೇಳಿದೆ. ಹುಡುಗ ಒಲೆಯ ಮೇಲಿಂದ ಅನ್ನದ ಪಾತ್ರೆ ಇಳಿಸುತ್ತಿದ್ದ. ಯುರೋಪಿನ ಕಾನೂನು ಅಷ್ಟರಲ್ಲಾಗಲೇ ಅವನ ಕೈಯಲ್ಲಿ ಮಸಿಬಟ್ಟೆಯಾಗಿತ್ತು.

ಬೇಡವಾದ ವರದಿ

ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನಲ್ಲಿ ಒಂದು ಕಂಪನಿ. ಪರಿಸರಕ್ಕೆ ತಾವು ಮಾಡುವ ಒಳಿತು ಕೆಡುಕನ್ನೆಲ್ಲ ವಿವರವಾಗಿ ವರದಿ ಮಾಡಬೇಕೆಂದು ಬ್ರಸೆಲ್ಸ್, ಅಂದರೆ ಯುರೋಪ್ ಒಕ್ಕೂಟ, ಹೇಳಿದ್ದರಿಂದ ಅದಕ್ಕೆಂದೇ ಒಬ್ಬರನ್ನು ನೇಮಿಸಿಕೊಂಡಿದ್ದರು. ಅವರು ಧಾರವಾಡದವರು, ಹೆಂಡತಿ ಮಕ್ಕಳನ್ನು ಆಗತಾನೆ ಕರೆಸಿಕೊಂಡಿದ್ದರು. ನಾನು ತರಬೇತಿ ಕೊಡಲು ಹೋಗಿದ್ದೆ. ಅರ್ಧ ಪಾಠವಾಗಿದೆ, ಮ್ಯಾನೇಜರ್ ಫೋನು ನೋಡಿ ಕೈ ಎತ್ತಿದರು. "ಬ್ರಸೆಲ್ಸ್‌ನವರು ಮುಂದಕ್ಕೆ ಹಾಕಿದ್ದಾರಂತೆ. ನಮ್ಮಷ್ಟು ಚಿಕ್ಕ ಕಂಪನಿಗೆ ಇದು ಬೇಡವೇ ಬೇಡ ಅಂತಲೂ ಮಾತಿದೆಯಂತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಧಾರವಾಡದವರೂ ತಟ್ಟಿದರು, ಎಲ್ಲರಿಗಿಂತ ಮೆಲ್ಲಗೆ. ಕಾಫಿ ಹೊತ್ತಿನಲ್ಲಿ ನನ್ನ ಹತ್ತಿರ ಬಂದು ಕೇಳಿದರು, "ಮೇಡಂ, ಕಾನೂನು ಹೋದ್ರೆ ನಾನೂ ಹೋದ್ನೋ?" ಅಲ್ಲಿಯವರೆಗೆ ಬೆಂಗಳೂರು ಕನ್ನಡ ಆಡುತ್ತಿದ್ದವರು ಗಾಬರಿಯಲ್ಲಿ, "ಮಕ್ಕಳ್ನ ಈಗಷ್ಟ ಸಾಲಿಗೆ ಹಾಕೇನ್ರಿ" ಅಂದರು.

ಕೆಲಸ ಹೋಗಲಿಲ್ಲ. ವರದಿ ಯಾಕೆ ಕೊಡಬೇಕಾಗಿಲ್ಲ ಎಂದು ಆಡಳಿತ ಮಂಡಳಿಗೆ ವಿವರಿಸಿ ಬರೆಯುವ ಕೆಲಸ ಅವರಿಗೇ ಸಿಕ್ಕಿತು. ಇನ್ನೂ ಬರೆಯುತ್ತಿದ್ದಾರೆ. ಮೊದಲಿನ ವರದಿಗಿಂತ ಇದೇ ದೊಡ್ಡದಾಗಿದೆಯಂತೆ.

ದಂಡೆಯ ಮೇಲಿನ ಸೌನಾ

ಇಲ್ಲಿ ಕೆರೆ ದಂಡೆಯ ಮೇಲೆ ಮನಸ್ಸಿಗೆ ಬಂದದ್ದು ಕಟ್ಟುವಂತಿಲ್ಲ. ದಂಡೆ ಎಲ್ಲರದ್ದು. ಕಟ್ಟಿದ್ದನ್ನು ನೋಡಿ ದಾರಿಹೋಕನಿಗೆ 'ಇದು ಯಾರದೋ ಖಾಸಗಿ ಜಾಗ' ಎಂದು ಸಂಕೋಚವಾದರೂ ಸಾಕು, ಅದು ತಪ್ಪೇ. ಈಚೆಗೆ ನಿಯಮ ಸಡಿಲ ಮಾಡುತ್ತಿದ್ದಾರೆ, ಜಗಳ ಮಾತ್ರ ಸಡಿಲವಾಗಿಲ್ಲ.

ನಾರ್‌ಶೋಪಿಂಗ್ ಹತ್ತಿರದ ಒಬ್ಬ ನಿವೃತ್ತ ದಂತವೈದ್ಯರು ಕೆರೆ ದಂಡೆಯಲ್ಲಿ ಕೈಯಾರೆ ಒಂದು ಸೌನಾ, ಅಂದರೆ ಬಿಸಿ ಹಬೆಯ ಮರದ ಗುಡಿಸಲು, ಕಟ್ಟಿಕೊಂಡಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಅದೇ ಲೋಕ. ಕೊಮ್ಯೂನ್‌ನವರು, ಅಂದರೆ ಅಲ್ಲಿನ ನಗರಸಭೆಯವರು, ಕೆಡವಿ ಎಂದರು. ಮುದುಕರು ಕಣ್ಣೀರಿಟ್ಟುಕೊಂಡು ನಮ್ಮಲ್ಲಿಗೆ ಬಂದರು.

"ಈ ಸೌನಾ ನೋಡಿ ಯಾರಿಗೂ ಸಂಕೋಚವಾಗುವುದಿಲ್ಲ" ಎಂಬುದು ನಮ್ಮ ವಾದ. ಆಗಿಯೇ ಆಗುತ್ತದೆ, ಆ ಕಡೆ ಒಂದು ನರಪಿಳ್ಳೆಯೂ ಸುಳಿಯುವುದಿಲ್ಲ ಎಂದರು ಕೊಮ್ಯೂನ್ ವಕೀಲರು. ಮನಸ್ಸಿನಲ್ಲೇ ಒಪ್ಪಿದೆ. ಖಾಲಿ ಬಸ್ಸಿನಲ್ಲೂ ಇನ್ನೊಬ್ಬರ ಪಕ್ಕ ಕೂರದ ಜನ ಇನ್ನೊಬ್ಬರ ಸೌನಾ ಹತ್ತಿರ ಹೋಗುತ್ತಾರೆಯೇ?

ನ್ಯಾಯಾಲಯ ಸ್ಥಳ ನೋಡಲು ಬಂತು. ತಿರುವು ದಾಟಿದರೆ, ಸೌನಾದ ಕಟಕಟೆಯ ಮೇಲೆ ಒಂದು ಒದ್ದೆ ಸೀರೆ ಗಾಳಿಗೆ ಹಾರುತ್ತಿದೆ. ಜಗಲಿಯಲ್ಲಿ ಚಾಪೆ, ಚಾಪೆಯ ಮೇಲೆ ಪುಳಿಯೋಗರೆ ಡಬ್ಬಿ, ಅದರ ಪಕ್ಕ ಕಾಲು ನೀಡಿ ಕೂತ ಒಬ್ಬ ಅಜ್ಜಿ. ಮಗ ಸೊಸೆ ನೀರಿನಲ್ಲಿ ಕಾಲಿಳಿಬಿಟ್ಟಿದ್ದಾರೆ. ನಮ್ಮ ಗುಂಪು ನೋಡಿ ಮಗ ಎದ್ದು ನಿಂತ. "ನಾನು ಬೇಡ ಅಂದೆ ಅಮ್ಮ!"

ನ್ಯಾಯಾಧೀಶರು ಇಂಗ್ಲಿಷಿನಲ್ಲಿ ವಿನಯವಾಗಿ ಕೇಳಿದರು, "ಇಲ್ಲಿಗೆ ಬರಬಾರದು ಎಂದು ನಿಮಗೆ ಅನ್ನಿಸಲಿಲ್ಲವೇ?"

ಮಗ ಕನ್ನಡಕ್ಕೆ ತಿರುಗಿಸಿದ. ಅಜ್ಜಿಗೆ ಆಶ್ಚರ್ಯ. "ಯಾಕನ್ನಿಸಬೇಕು? ಯಾರೋ ಪುಣ್ಯಾತ್ಮರು ದಾರೀಲಿ ಹೋಗೋರು ಕೂತ್ಕೊಳ್ಳಲಿ ಅಂತ ಮಂಟಪ ಕಟ್ಟಿಸಿದ್ದಾರೆ."

ಕೊಮ್ಯೂನ್ ವಕೀಲರು ಸಂಶಯದಿಂದ ನನ್ನ ಕಡೆ ತಿರುಗಿದರು. "ಇವರು ನಿಮಗೆ ಪರಿಚಯವೇ?"

"ಖಂಡಿತ ಇಲ್ಲ. ಇವತ್ತೇ ನೋಡುತ್ತಿರುವುದು" ಅಂದೆ. ಅದು ನಿಜವೂ ಹೌದು. ಸಾಕ್ಷಿ ಹುಟ್ಟಿಸಿ ತಂದೆ ಅನ್ನಿಸಿಕೊಂಡರೆ ನನ್ನ ಕೆಲಸ ಅಲ್ಲಿಗೆ ಮುಗಿಯಿತು.

ಅಜ್ಜಿ ನನ್ನ ಮುಖ ದಿಟ್ಟಿಸಿದರು. "ನಮ್ಮೋಳ ಥರ ಇದ್ದೀಯಲ್ಲೇ. ಯಾವೂರು?"

ಬಾಯಿ ಬಿಗಿದುಕೊಂಡೆ.

"ಕನ್ನಡ ಬರಲ್ವಾ, ಪಾಪ?"

ತಡೆಯಲಾಗಲಿಲ್ಲ. "ತುಮಕೂರು" ಅಂದುಬಿಟ್ಟೆ.

"ತುಮಕೂರಾ! ನನ್ನ ಮೈದುನನ ಸೊಸೆ ಅದೇ ಊರು! ಹಾಗಾದ್ರೆ ನೀನು ನಮ್ಮನೆ ಹುಡುಗೀನೇ" ಎಂದು ಎದ್ದು ಬಂದು ಎಲ್ಲರೆದುರು ತಬ್ಬಿಕೊಂಡರು.

ಕೊಮ್ಯೂನ್ ವಕೀಲರ ಹುಬ್ಬು ಏರಿತು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಗುರುತಿಲ್ಲದವರನ್ನು ಇವರು ಹೀಗೇ ಅಪ್ಪಿಕೊಳ್ಳುತ್ತಾರೆಯೇ?"

ನಾನು ಉತ್ತರ ಹುಡುಕುವಷ್ಟರಲ್ಲಿ ಅಜ್ಜಿ ಕೊಮ್ಯೂನ್ ವಕೀಲರ ಕೆನ್ನೆ ಸವರಿ, "ಎಷ್ಟು ಬಡಕಲಾಗಿದ್ದೀಯಪ್ಪ, ಮನೇಲಿ ಹಾಕಲ್ವಾ?" ಎಂದು ಅವರ ಕೈಗೆ ಪುಳಿಯೋಗರೆ ತಟ್ಟೆ ತುರುಕಿದರು. ಆ ಮನುಷ್ಯ ಬೆವರುತ್ತಾ ತಿಂದರು.

"ಉತ್ತರ ಸಿಕ್ಕಿತು" ಎಂದರು ನ್ಯಾಯಾಧೀಶರು.

ಸೌನಾ ಉಳಿಯಿತು. ಇದರಿಂದ ಯಾರಿಗೂ ಸಂಕೋಚವಾಗುತ್ತಿಲ್ಲ ಎಂಬುದು ಸ್ಥಳದಲ್ಲೇ ಕಂಡುಬಂದಿದೆ ಎಂದಿತು ತೀರ್ಪು. ಸಂಭ್ರಮದಿಂದ ಫೋನು ಮಾಡಿದೆ. ದಂತವೈದ್ಯರ ಹಿಂದಿನಿಂದ ಅಂತ್ಯಾಕ್ಷರಿಯಂಥದೇನೋ ಕೇಳಿಸುತ್ತಿತ್ತು.

"ಆ ಅಜ್ಜಿ ಮತ್ತೆ ಬಂದಿದ್ದಾರೆ" ಅಂದರು. "ಇನ್ನೂ ಮೂರು ಕುಟುಂಬ ಕರೆತಂದಿದ್ದಾರೆ. ಒಳಗೆ ಹೋಗಬೇಕಾದರೆ ನಾನೇ ಬಾಗಿಲು ತಟ್ಟಬೇಕು." ಆಮೇಲೆ ದನಿ ತಗ್ಗಿಸಿ ಕೇಳಿದರು, "ಒಂದು ಸಂದೇಹ. ಕೇಸು ಗೆದ್ದವರು ಅಪೀಲು ಹೋಗಬಹುದಾ?"