ಕರ್ನಲ್‌ಗೆ ಬೂಟ್ ಆಗಲಿಲ್ಲ

ಸೊಸೆ: ಇಲ್ಲ ಅತ್ತೆ, ಕರ್ನಲ್ ಇನ್ನೂ ಬೂಟ್ ಆಗ್ತಿಲ್ಲ.

ಅತ್ತೆ: ಅಳತೆ ನೋಡದೆ ತಗೊಂಡ್ರೆ ಹಾಗೇ. ಕಾಲು ಊದಿರಬಹುದು, ಸಂಜೆಗೆ ಇಳಿಯುತ್ತೆ ಬಿಡು.

ಸೊಸೆ: ಸಂಜೆ ತನಕ ಎಲ್ಲಿ ಪುರುಸೊತ್ತು? ನಾಲ್ಕಕ್ಕೆ ಸಾಹೇಬ್ರು ಮನೆಗೇ ಬರ್ತಾರೆ.

ಅತ್ತೆ: ಅವರೇ ಬರ್ತಾರಾ? ಮೊದಲೇ ಹೇಳಬಾರದಾ.

ಊಟದ ಮೇಜಿನ ಮೇಲೆ ತಟ್ಟೆಗಳ ಜಾಗದಲ್ಲಿ ಅಂಗೈಯಗಲದ ಒಂದು ಯಂತ್ರ, ಅದಕ್ಕೊಂದು ಪುಟ್ಟ ಪರದೆ. ಯಂತ್ರವನ್ನು ಎಬ್ಬಿಸಿ ನಡೆಸುವ ಮೂಲ ಪ್ರೋಗ್ರಾಮೇ ಕರ್ನಲ್; ಅದು ಎದ್ದು ಓಡತೊಡಗಿದರೆ ಬೂಟ್ ಆದಂತೆ. ಹಳೆಯ ಪ್ರೊಸೆಸರಿಗೆಂದು ಬರೆದಿದ್ದ ಅದನ್ನು ಸೊಸೆ ಎಂಟು ತಿಂಗಳಿಂದ ಹೊಸದಕ್ಕೆ ಒಗ್ಗಿಸುತ್ತಿದ್ದಳು. ಇವತ್ತು ಅವಳ ಕಂಪನಿಯ ಸಾಹೇಬರ ಎದುರು ಓಡದಿದ್ದರೆ ಕೆಲಸ ಬೇರೆ ತಂಡದ ಪಾಲು. ಗಡಿಯಾರದಲ್ಲಿ ಮೂರೂಕಾಲು. ಅಂಗಡಿಗಳ ಬೋರ್ಡು ಬರೆಯುವ ಗಂಡ ಕೈಗಂಟಿದ ಬಣ್ಣ ಒರೆಸಿಕೊಳ್ಳುತ್ತಾ ಬಂದು, ಎಲ್ಲಿ ಸಿಕ್ಕಿಕೊಂಡಿದೆ ಎಂದು ಕೇಳಿದ.

ಸೊಸೆ: ಹಳೇದು ನಾಲ್ಕು ನಾಲ್ಕು ಬೈಟಿನ ಕಟ್ಟನ್ನ ಬಾಲದಿಂದ ಓದ್ತಿತ್ತು. ಹೊಸದು ತಲೆಯಿಂದ ಓದುತ್ತೆ. ಎಲ್ಲಾ ಕಟ್ಟನ್ನೂ ತಿರುಗಿಸಿ ಇಟ್ಟಿದೀನಿ.

ಅತ್ತೆ: ಎಡಗಾಲಿಂದು ಬಲಗಾಲಿಗೆ ಹಾಕಿರ್ತಾರೆ, ನೋಡು.

ಗಂಡ: ಅಮ್ಮ, ನೀನು ಸ್ವಲ್ಪ ಸುಮ್ಮನಿರು. ಮೊದಲಿಗೇ ಕೆಟ್ಟಿದೆಯೇನೋ ಕಣೇ.

ಸೊಸೆ: ಮೊದಲ ಮಾತು ನೆಟ್ಟಗೇ ಬಂತು ರೀ. ‘ನಮನ’. ಆಮೇಲೆ ನಿಂತೇಬಿಟ್ಟಿದೆ.

ಕಣ್ಣು ಬಿಟ್ಟೊಡನೆ ಯಂತ್ರವೂ ದೇವರಿಗೆ ಕೈ ಮುಗಿಯಲಿ ಎಂದು ಆ ಮಾತನ್ನು ಆರಿಸಿಕೊಟ್ಟವರು ಅತ್ತೆ. ಅಕ್ಷರಕ್ಕೊಂದು ಬೈಟು ಕೊಟ್ಟು ಸೊಸೆ ಅದನ್ನು ಒಂದು ಕಟ್ಟಿನಲ್ಲಿಟ್ಟಿದ್ದಳು. ಗಂಡ ಬಗ್ಗಿ, ಒಂದು ಕಣ್ಣು ಮುಚ್ಚಿ, ಪರದೆಯ ಅಂಚಿಗೆ ಬೆರಳಿಟ್ಟು ನೋಡಿದ.

ಗಂಡ: ಒಂದಕ್ಷರದಷ್ಟು ಬಲಕ್ಕೆ ಸರಿದಿದೆ.

ಸೊಸೆ: ಸರಿದರೆ ಸರೀಲಿ. ಇದೇನು ಔಷಧಿ ಅಂಗಡಿ ಬೋರ್ಡಾ?

ಗಂಡ: ನೀನು ಜಾಗ ಬಿಟ್ಟಿದ್ದೆಲ್ಲಿ, ಮುಂದೋ ಹಿಂದೋ?

ಸೊಸೆ: ಹಿಂದೆ. ನ, ಮ, ನ, ನಾಲ್ಕನೇದು ಖಾಲಿ.

ಗಂಡ: ಇಲ್ಲಿ ಖಾಲಿ ಮುಂದೆ ಬಂದು ಕೂತಿದೆ. ‘ನಮನ’ ಹಿಂದುಮುಂದಾದ್ರೂ ‘ನಮನ’ನೇ ಅಲ್ವೇನೇ?

ಸೊಸೆ ಅವನ ಮುಖವನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದಳು. ಮೂರು ದಿನದಿಂದ ಅವಳು ಹುಡುಕಿದ್ದೆಲ್ಲ ‘ನಮನ’ದಿಂದ ಮುಂದಕ್ಕೆ. ಈಗ ಪ್ರೋಗ್ರಾಮಿನ ಮೊದಲ ಪುಟ ತೆಗೆದಳು. ಅವಳು ತಿರುಗಿಸಿಟ್ಟಿದ್ದನ್ನು ಅಲ್ಲೇ ಇದ್ದ ಯಾವುದೋ ಹಳೆಯ ಸಾಲು ಮತ್ತೊಮ್ಮೆ ತಿರುಗಿಸಿ, ಮೊದಲಿದ್ದ ಹಾಗೇ ಮಾಡುತ್ತಿತ್ತು. ಆ ಒಂದು ಸಾಲನ್ನು ಅಳಿಸಿ, ಮನಸ್ಸಿನಲ್ಲೇ ಕೈ ಮುಗಿದು, ಗುಂಡಿ ಒತ್ತಿದಳು.

‘ನಮನ’ ಎಡದ ಅಂಚಿಗೆ ಅಂಟಿಕೊಂಡು ಬಂತು. ಅದರ ಬೆನ್ನಿಗೇ ಸಾಲು ಸಾಲಾಗಿ ಉಳಿದದ್ದೆಲ್ಲ.

ಸೊಸೆ: ಅತ್ತೆ, ಬೂಟ್ ಆಯ್ತು.

ಅತ್ತೆ: ದೇವರು ದೊಡ್ಡವನು. ಕಚ್ಚಲ್ಲ ತಾನೇ?

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ಅತ್ತೆಯೇ ಎದ್ದು ಹೋಗಿ ತೆರೆದರು. ಹೊಸಿಲಾಚೆ ನಿಂತಿದ್ದ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮತ್ತೆ ಅಡಿಗೇ ಬಂದರು.

ಅತ್ತೆ: ಇದೇನು ಕರ್ನಲ್ ಸಾಹೇಬ್ರೇ, ನನ್ನ ಸೊಸೆ ಎಂಟು ತಿಂಗಳು ಕೂತು ಬೂಟ್ ಸರಿಮಾಡಿದ್ರೆ, ನೀವು ಚಪ್ಪಲಿ ಮೆಟ್ಕೊಂಡು ಬಂದಿದೀರಲ್ಲ.